ಮಂಗನ ಮೆದುಳು, ಚಿತ್ರಾನ್ನದ ಡಬ್ಬಿ ಮತ್ತು ಹಾಲಿವುಡ್

ಪ್ರಶ್ನೆ: ನಾವು ತುಮಕೂರಿನ ಕಡೆಯವರು. ನ್ಯೂಜೆರ್ಸಿಗೆ ಬಂದು ತುಂಬಾ ವರ್ಷಗಳಾದವು. ಮಗಳಿಗೆ ಈಗ ಹದಿಮೂರು. ಹೋದ ತಿಂಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದಳು. ಆ ಮನೆಯವರು ಮಕ್ಕಳಿಗೆ ‘ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್’ ಹಾಕಿದ್ದಾರೆ. ಅದರಲ್ಲಿ ಭಾರತದ ಅರಮನೆಯ ಊಟಕ್ಕೆ ಮಂಗನ ಮೆದುಳು ಬಡಿಸುತ್ತಾರೆ. ಸೋಮವಾರ ಸ್ಕೂಲಿನಲ್ಲಿ ಇವಳ ಡಬ್ಬಿ ನೋಡಿ ಇಬ್ಬರು ಹುಡುಗರು ‘ಇವತ್ತು ಮಂಗನ ಮೆದುಳಾ?’ ಅಂತ ನಕ್ಕರಂತೆ. ಇದ್ದದ್ದು ಚಿತ್ರಾನ್ನ. ಆವತ್ತಿನಿಂದ ಡಬ್ಬಿ ಬೇಡ ಅಂತಾಳೆ. ನಮ್ಮ ಮನೆಯವರು, ‘ಆ ಕಾಲ ಹಾಗಿತ್ತು, ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಈಗ ನೋಡು, ಪ್ರತಿ ಸಿನಿಮಾದಲ್ಲೂ ಒಬ್ಬ ಬ್ಲ್ಯಾಕ್, ಒಬ್ಬ ಏಷ್ಯನ್ ಇರಲೇಬೇಕು ಅಂತ ರೂಲೇ ಇದೆ’ ಅನ್ನುತ್ತಾರೆ. ಇನ್ನೊಂದು ವಿಷಯ. ಮಗಳಿಗೆ ನಟನೆ ಅಂದರೆ ಪ್ರಾಣ. ಒಂದು ಸಣ್ಣ ಜಾಹೀರಾತಿನ ಆಡಿಷನ್‌ಗೆ ಹೋದಾಗ ‘ಸ್ವಲ್ಪ ಇಂಡಿಯನ್ ಆಕ್ಸೆಂಟ್‌ನಲ್ಲಿ ಹೇಳು’ ಅಂದಿದ್ದಾರೆ. ಅವಳು ಇಲ್ಲೇ ಹುಟ್ಟಿದವಳು. ನಾನು ಮಾತಾಡುವುದನ್ನೇ ಅಣಕಿಸಿ ತೋರಿಸಿದಳಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಹಳೆಯ ಸಿನಿಮಾಗಳನ್ನೆಲ್ಲ ಬಂದ್ ಮಾಡಬೇಕಾ? ಆಡಿಷನ್‌ಗೆ ಕಳಿಸುವುದು ಬಿಡಬೇಕಾ? ಅಥವಾ ನಾನೇ ಸುಮ್ನೆ ದೊಡ್ಡದು ಮಾಡುತ್ತಿದ್ದೀನಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀವು ದೊಡ್ಡದು ಮಾಡುತ್ತಿಲ್ಲ. ಹದಿಮೂರರ ಹುಡುಗಿ ಅಮ್ಮನ ಕೈಯಡುಗೆ ಸ್ಕೂಲಿಗೆ ಬೇಡ ಅನ್ನುವುದು ಸಣ್ಣ ವಿಷಯವಲ್ಲ. ಆದರೆ ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ನಲವತ್ತು ವರ್ಷ ಹಳೆಯ ಸಿನಿಮಾ, ಇವತ್ತಿನ ಹಾಲಿವುಡ್ ಬಗ್ಗೆ ನಿಮ್ಮ ಮನೆಯವರ ವಾದ, ಮತ್ತೆ ಆ ಆಡಿಷನ್. ಬೇರು ಒಂದೇ. ಮಾಡಬೇಕಾದ್ದು ಮಾತ್ರ ಬೇರೆ ಬೇರೆ. ನಾನು ಇಲ್ಲಿನ ಕಾಲೇಜೊಂದರಲ್ಲಿ ಸಿನಿಮಾ ಪಾಠ ಮಾಡುತ್ತೇನೆ. ಅದಕ್ಕೂ ಮುಂಚೆ ಲಾಸ್ ಏಂಜಲೀಸ್‌ನ ಕಾಸ್ಟಿಂಗ್ ಆಫೀಸೊಂದರಲ್ಲಿ ರೀಡರ್ ಆಗಿದ್ದೆ. ಆಡಿಷನ್‌ಗೆ ಬಂದವರ ಎದುರು ಕೂತು ಇನ್ನೊಂದು ಪಾತ್ರದ ಮಾತು ಓದುವ ಕೆಲಸ ಅದು. ಹಾಗಾಗಿ ನಿಮ್ಮ ಮಗಳು ನಿಂತಿದ್ದ ಜಾಗವನ್ನು ಮೇಜಿನ ಈ ಕಡೆಯಿಂದ ನೋಡಿದ್ದೇನೆ.

ಮೊದಲು ಆ ಸಿನಿಮಾ. 1984ರದ್ದು. ನಿರ್ದೇಶನ ಸ್ಟೀವನ್ ಸ್ಪೀಲ್‌ಬರ್ಗ್, ಕಥೆ ಜಾರ್ಜ್ ಲೂಕಸ್. ಭಾರತದಲ್ಲೇ ಚಿತ್ರೀಕರಣ ಮಾಡುವ ಯೋಚನೆ ಇತ್ತು. ಸ್ಕ್ರಿಪ್ಟ್ ನೋಡಿದ ಭಾರತ ಸರ್ಕಾರ ತಕರಾರು ತೆಗೆದು ಬದಲಾವಣೆ ಕೇಳಿತು. ತಂಡ ಶ್ರೀಲಂಕಾದ ಕ್ಯಾಂಡಿಗೆ ಹೊರಟುಹೋಯಿತು. ಅದಕ್ಕೇ ತೆರೆಯ ಮೇಲಿನ ‘ಭಾರತದ ಹಳ್ಳಿ’ಯ ಜನ ಮಾತಾಡುವುದು ಸಿಂಹಳ! ಆ ಸಿನಿಮಾದಲ್ಲಿ ಭಾರತೀಯರು ಮೂರು ಥರ ಕಾಣಿಸುತ್ತಾರೆ. ಯಾರಾದರೂ ಬಂದು ಕಾಪಾಡಲಿ ಅಂತ ಕಾಯುವ ಹಸಿದ ಹಳ್ಳಿಗರು, ಜೀರುಂಡೆ ಹಾವು ತಿನ್ನುವ ಅರಮನೆಯವರು, ಕಾಳಿಯ ಹೆಸರಿನಲ್ಲಿ ಜೀವಂತ ಮನುಷ್ಯನ ಹೃದಯ ಕೀಳುವವರು. ಒಬ್ಬ ಮೇಷ್ಟ್ರು, ಒಬ್ಬ ಅಂಗಡಿಯವನು, ಕೆಲಸ ಮುಗಿಸಿ ಮನೆಗೆ ಹೋಗುವ ಒಬ್ಬ ಮಾಮೂಲಿ ಮನುಷ್ಯ, ಯಾರೂ ಇಲ್ಲ. ಊಟದ ದೃಶ್ಯದಲ್ಲಿ ಕ್ಯಾಮೆರಾ ಎಲ್ಲಿ ಕೂತಿದೆ ಅಂತ ಗಮನಿಸಿ. ಅದು ಬಿಳಿಯ ನಾಯಕಿಯ ಪಕ್ಕ ಕೂತಿದೆ. ಅವಳ ಅಸಹ್ಯ ನಮ್ಮ ಅಸಹ್ಯವಾಗುತ್ತದೆ, ಅವಳ ಕಿರುಚಾಟಕ್ಕೆ ನಾವು ನಗುತ್ತೇವೆ. ಸ್ಕೂಲಿನ ಹುಡುಗರು ಆ ಕುರ್ಚಿಯಲ್ಲಿ ಕೂತು ನಕ್ಕರು. ನಿಮ್ಮ ಮಗಳಿಗೆ ಸಿಕ್ಕಿದ್ದು ಎದುರಿನ ಕುರ್ಚಿ.

ಇದೇ ಸಿನಿಮಾದಿಂದ ಅಮೆರಿಕದಲ್ಲಿ ಒಂದು ಸಾರ್ವಜನಿಕ ಗಲಾಟೆಯೇ ಆಯಿತು ಅನ್ನುವುದು ನಿಮಗೆ ಗೊತ್ತಿರಲಿ. ಮಕ್ಕಳಿಗೆ ತೋರಿಸುವಂಥದ್ದಲ್ಲ ಅಂತ ಪೋಷಕರು ದೂರಿದರು. ಅದೇ ಬೇಸಿಗೆಯಲ್ಲಿ ಬಂದ ‘ಗ್ರೆಮ್ಲಿನ್ಸ್’ ಮೇಲೂ ಅದೇ ದೂರು. ಕೆಲವೇ ವಾರಗಳಲ್ಲಿ, ಹದಿಮೂರಕ್ಕಿಂತ ಚಿಕ್ಕವರಿಗೆ ಸರಿಹೋಗದಿರಬಹುದು ಅಂತ ಪೋಷಕರನ್ನು ಎಚ್ಚರಿಸುವ ಪಿಜಿ-13 ಅನ್ನುವ ಹೊಸ ರೇಟಿಂಗ್ ಹುಟ್ಟಿತು. ಅಂದರೆ ಪೋಷಕರ ಮಾತಿಗೆ ಹಾಲಿವುಡ್ ಬಗ್ಗಿತು, ಅದೂ ಬೇಗ. ಆದರೆ ಆ ದೂರು ಇದ್ದದ್ದು ರಕ್ತದ ಬಗ್ಗೆ, ಕಿತ್ತ ಹೃದಯದ ಬಗ್ಗೆ. ಊಟದ ಮೇಜಿನ ಬಗ್ಗೆ ಅಲ್ಲ. ಬದಲಾವಣೆ ಯಾವಾಗ ಆಗುತ್ತದೆ ಅನ್ನುವುದು ಯಾರು ದೂರುತ್ತಾರೆ, ಅವರು ಎಷ್ಟು ಟಿಕೆಟ್ ಕೊಳ್ಳುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಸ್ಪೀಲ್‌ಬರ್ಗ್ ಮತ್ತು ಲೂಕಸ್ ಚಿಕ್ಕಂದಿನಲ್ಲಿ ನೋಡಿ ಮೆಚ್ಚಿದ್ದ 1930ರ, 40ರ ದಶಕದ ಸಾಹಸ ಚಿತ್ರಗಳನ್ನು ಮತ್ತೆ ತರಲು ಹೊರಟಿದ್ದರು. ಹಾಗಾಗಿ ಅವರು ತೋರಿಸಿದ ಭಾರತ ಬಂದದ್ದು ಭಾರತದಿಂದಲ್ಲ, ಹಳೆಯ ಸಿನಿಮಾಗಳಿಂದ. ಆ ಹಳೆಯವು ಬಂದದ್ದು ಅವಕ್ಕಿಂತ ಹಳೆಯವುಗಳಿಂದ. ತೆರೆಯ ಮೇಲಿನ ನಮ್ಮ ಮುಖ ತೆರೆಯಿಂದಲೇ ಹುಟ್ಟುತ್ತಾ ಬಂದಿದೆ. ಇದಕ್ಕೆ ದ್ವೇಷ ಬೇಕಾಗಿಲ್ಲ, ಅಭ್ಯಾಸ ಸಾಕು.

ಆದರೆ ‘ಆ ಕಾಲ ಹಾಗಿತ್ತು’ ಅನ್ನುವ ಮಾತನ್ನು ಒಪ್ಪುವುದು ಕಷ್ಟ. ಆಗಲೂ ಜನಕ್ಕೆ ಗೊತ್ತಿತ್ತು, ಹೇಳಿದ್ದರು, ಬೀದಿಗೂ ಇಳಿದಿದ್ದರು. ಡಿ. ಡಬ್ಲ್ಯೂ. ಗ್ರಿಫಿತ್ ಅವರ ‘ದ ಬರ್ತ್ ಆಫ್ ಎ ನೇಷನ್’ ಬಂದದ್ದು 1915ರಲ್ಲಿ. ಅದರಲ್ಲಿ ಬಿಳಿಯರೇ ಮೇಲು ಅಂತ ಕಪ್ಪು ಜನರ ಮೇಲೆ ಹಿಂಸೆ ಮಾಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಹೀರೋಗಳು. ಬಿಳಿಯ ಹುಡುಗಿಯ ಹಿಂದೆ ಬೀಳುವ ಕಪ್ಪು ಮನುಷ್ಯನ ಪಾತ್ರ ಮಾಡಿದ್ದು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟ. ಆಗ ಎನ್‌ಎಎಸಿಪಿ ಅನ್ನುವ ಕಪ್ಪು ಜನರ ಹಕ್ಕುಗಳ ಸಂಸ್ಥೆಗೆ ಇನ್ನೂ ಆರು ವರ್ಷ. ಅದು ಊರೂರಲ್ಲಿ ಪ್ರತಿಭಟನೆ ಮಾಡಿತು. ಆದರೂ ಆ ಚಿತ್ರ ಶ್ವೇತಭವನದಲ್ಲಿ ಪ್ರದರ್ಶನವಾಯಿತು, ಭಾರೀ ದುಡ್ಡು ಮಾಡಿತು. ಸತ್ತೇಹೋಗಿದ್ದ ಕ್ಲಾನ್ ಅದೇ ವರ್ಷದ ಕೊನೆಗೆ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಮತ್ತೆ ಹುಟ್ಟಿತು. ಸಿನಿಮಾ ತಾನೇ ಅನ್ನುವವರಿಗೆ ನಾನು ಮೊದಲು ಹೇಳುವ ಕಥೆ ಇದು.

ಆಮೇಲೆ ಬಂದದ್ದು ಬರೀ ಅಭ್ಯಾಸವಲ್ಲ, ಬರೆದಿಟ್ಟ ನಿಯಮ. ಸ್ಟುಡಿಯೋಗಳು ತಾವೇ ಒಪ್ಪಿಕೊಂಡ, ಹೇಸ್ ಕೋಡ್ ಅಂತ ಹೆಸರಾದ ಕಟ್ಟಳೆ 1934ರಿಂದ ಬಿಗಿಯಾಗಿ ಜಾರಿಗೆ ಬಂತು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ದೈಹಿಕ ಸಂಬಂಧವನ್ನು ತೆರೆಯ ಮೇಲೆ ತೋರಿಸುವಂತಿಲ್ಲ ಅಂತ ಅದರಲ್ಲಿತ್ತು. ಕಾಗದದ ಮೇಲೆ ಇದ್ದದ್ದು ಬಿಳಿ-ಕಪ್ಪು ಮಾತ್ರ. ಸ್ಟುಡಿಯೋಗಳು ಭಯಕ್ಕೆ ಅದನ್ನು ಎಲ್ಲರಿಗೂ ಹಿಗ್ಗಿಸಿದವು. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಆನಾ ಮೇ ವಾಂಗ್ ಆಗ ಹೆಸರಾಂತ ನಟಿ. ಚೀನಾದ ರೈತ ಕುಟುಂಬದ ಕಥೆ ‘ದ ಗುಡ್ ಅರ್ಥ್’ ಸಿನಿಮಾ ಆಗುತ್ತದೆ ಅಂದಾಗ ನಾಯಕಿಯ ಪಾತ್ರ ತನಗೇ ಸಿಗಬೇಕು ಅಂತ ಆಕೆ ಆಸೆಪಟ್ಟಿದ್ದು ಸಹಜ. ಆದರೆ ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿ ನಿಶ್ಚಯವಾಗಿದ್ದರು. ಈಗ ತಮಾಷೆ ನೋಡಿ. ಬಿಳಿಯ ನಟ ಚೀನಾದವನ ವೇಷ ಹಾಕಬಹುದು. ಆದರೆ ನಿಜವಾದ ಚೀನೀ ಮೂಲದ ನಟಿ ಅವನ ಹೆಂಡತಿಯಾಗಿ ಬಂದರೆ ಅದು ಜನಾಂಗ ಬೆರಕೆ! ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಅವರಿಗೆ ಆಸ್ಕರ್ ಕೂಡ ಬಂತು. ವಾಂಗ್‌ಗೆ ಕೊಡಲು ಬಂದದ್ದು ಸಂಸಾರ ಒಡೆಯುವ ಇನ್ನೊಬ್ಬಳ ಪಾತ್ರ. ಆಕೆ ಒಲ್ಲೆ ಅಂದರು.

ದುಡ್ಡಿನ ಲೆಕ್ಕವೂ ಇದರ ಜೊತೆಗೇ ನಡೆಯುತ್ತಿತ್ತು. ಗಾಯಕಿ, ನಟಿ ಲೀನಾ ಹಾರ್ನ್ 1942ರಲ್ಲಿ ಎಂಜಿಎಂ ಸ್ಟುಡಿಯೋ ಸೇರಿದರು. ಆಕೆಯ ಹಾಡುಗಳನ್ನು ಕಥೆಗೆ ಅಂಟದ ಹಾಗೆ ಬೇರೆಯಾಗಿ ಚಿತ್ರೀಕರಿಸುತ್ತಿದ್ದರು. ಯಾಕೆ ಅಂದರೆ ದಕ್ಷಿಣದ ರಾಜ್ಯಗಳ ಥಿಯೇಟರ್‌ಗಳು ಆ ಭಾಗವನ್ನು ಕತ್ತರಿಸಿ ಓಡಿಸಬಹುದಿತ್ತು, ಕಥೆಗೆ ಏನೂ ಆಗುತ್ತಿರಲಿಲ್ಲ. ಕತ್ತರಿ ಹಾಕಿದರೂ ಗೊತ್ತಾಗದಂಥ ಜಾಗದಲ್ಲಿ ಒಬ್ಬ ಮನುಷ್ಯಳನ್ನು ಇಡುವುದು. ಇವತ್ತಿಗೂ ಹೊಸ ಸಿನಿಮಾ ನೋಡುವಾಗ ನನ್ನ ಮನಸ್ಸಿನಲ್ಲಿ ಮೊದಲು ಬರುವ ಪ್ರಶ್ನೆ ಅದೇ. ಈ ಪಾತ್ರವನ್ನು ಕತ್ತರಿಸಿದರೆ ಕಥೆ ನಿಲ್ಲುತ್ತದಾ?

ನಮ್ಮ ಕಡೆಯವರೇ ಒಬ್ಬರ ಕಥೆ ಹೇಳಲೇಬೇಕು, ಮಗಳಿಗೂ ಹೇಳಿ. ಸಾಬು ದಸ್ತಗೀರ್, ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಈಗ ಕಬಿನಿ ಸಫಾರಿಗೆ ಹೋಗುವವರಿಗೆ ಆ ಜಾಗ ಗೊತ್ತು. ತಂದೆ ಮಾವುತ. ಸಿನಿಮಾ ತಂಡವೊಂದು ಆನೆ ಹುಡುಕಿಕೊಂಡು ಮೈಸೂರಿಗೆ ಬಂದಾಗ ಈ ಹುಡುಗ ಕಣ್ಣಿಗೆ ಬಿದ್ದ. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹೆಸರಾಯಿತು. ಅದು ಇಂಗ್ಲೆಂಡಿನ ಚಿತ್ರ. ಆಮೇಲೆ ಹಾಲಿವುಡ್‌ಗೆ ಹೋದ. 1942ರಲ್ಲಿ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ. ಪೋಸ್ಟರ್ ಮೇಲೆ ಬರೀ ‘ಸಾಬು’ ಅಂತ ಹಾಕಿದರೆ ಜನ ಬರುತ್ತಿದ್ದ ಕಾಲ ಅದು. 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸುವ ಗನ್ನರ್ ಆಗಿದ್ದ, ಶೌರ್ಯಕ್ಕೆ ಪದಕ ಪಡೆದ. ಇಂಥ ಮನುಷ್ಯ ವಾಪಸ್ ಬಂದ ಮೇಲೆ ಅವನಿಗಾಗಿ ಕಾದಿದ್ದ ಪಾತ್ರ ಯಾವುದು ಅಂದುಕೊಂಡಿರಿ? ಮತ್ತೆ ಕಾಡು, ಮತ್ತೆ ಪ್ರಾಣಿ, ಮತ್ತೆ ಬರಿ ಮೈ. ಬೆಳೆದ ಗಂಡಸಿಗೆ ಬರೆದ ಪಾತ್ರಗಳೇ ಇರಲಿಲ್ಲ. 1963ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಸಾಬುವನ್ನು ಹಾಲಿವುಡ್‌ನಲ್ಲಿ ಯಾರೂ ದ್ವೇಷಿಸಲಿಲ್ಲ. ಎಲ್ಲರಿಗೂ ಇಷ್ಟವಿತ್ತು. ಒಂದೇ ವೇಷದಲ್ಲಿ ಇಷ್ಟವಿತ್ತು.

ಅವನು ತೀರಿಕೊಂಡ ಐದು ವರ್ಷಕ್ಕೆ, 1968ರಲ್ಲಿ, ‘ದ ಪಾರ್ಟಿ’ ಬಂತು. ಎಲ್ಲವನ್ನೂ ಬೀಳಿಸಿ ಒಡೆಯುವ ಪೆದ್ದ ಭಾರತೀಯ ನಟನ ಪಾತ್ರವನ್ನು ಇಂಗ್ಲೆಂಡಿನ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಾಡಿದರು. 1986ರ ‘ಶಾರ್ಟ್ ಸರ್ಕಿಟ್’ನಲ್ಲೂ ಹಾಗೇ, ಭಾರತೀಯ ವಿಜ್ಞಾನಿಯಾಗಿ ಬಂದದ್ದು ಬಿಳಿಯ ನಟ ಫಿಶರ್ ಸ್ಟೀವನ್ಸ್. ಟಿವಿಯಲ್ಲಿ ‘ದ ಸಿಂಪ್ಸನ್ಸ್’ ಕಾರ್ಟೂನಿನ ಭಾರತೀಯ ಅಂಗಡಿಯವ ಅಪುವಿಗೆ ದಶಕಗಳ ಕಾಲ ದನಿ ಕೊಟ್ಟದ್ದು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಮೇಲೆ ಚರ್ಚೆ ಜೋರಾಯಿತು. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಇವನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆಡಿಷನ್‌ನಲ್ಲಿ ನಿಮ್ಮ ಮಗಳಿಂದ ಕೇಳಿದ ‘ಇಂಡಿಯನ್ ಆಕ್ಸೆಂಟ್’ ಈ ಬಿಳಿಯ ನಟರದ್ದು. ತುಮಕೂರಿನವರ ಇಂಗ್ಲಿಷ್ ಬೇರೆ, ಲುಧಿಯಾನದವರದು ಬೇರೆ, ಕೊಚ್ಚಿಯವರದು ಬೇರೆ. ಅವರಿಗೆ ಬೇಕಾಗಿದ್ದದ್ದು ಇದ್ಯಾವುದೂ ಅಲ್ಲ. ಅವಳು ನಿಮ್ಮನ್ನು ಅಣಕಿಸಿದಳು ಅಂತ ನೀವಿಬ್ಬರೂ ನೊಂದಿದ್ದೀರಿ. ಅವರು ಕೇಳಿದ್ದು ನಿಮ್ಮ ದನಿಯನ್ನೇ ಅಲ್ಲ ಅಂತ ಅವಳಿಗೆ ಬಿಡಿಸಿ ಹೇಳಿ.

ಇನ್ನು ‘ಈಗ ರೂಲ್ ಇದೆ’ ಅನ್ನುವ ಮಾತು. ಇದರಲ್ಲಿ ಕಾಲು ಭಾಗ ನಿಜ. 2015 ಮತ್ತು 2016, ಎರಡು ವರ್ಷವೂ ಆಸ್ಕರ್‌ನ ನಟನಾ ವಿಭಾಗಗಳ ಇಪ್ಪತ್ತಕ್ಕೆ ಇಪ್ಪತ್ತು ನಾಮನಿರ್ದೇಶನಗಳೂ ಬಿಳಿಯರ ಪಾಲಾದವು. ಏಪ್ರಿಲ್ ರೇನ್ ಅನ್ನುವವರು ‘ಆಸ್ಕರ್ಸ್ ಸೋ ವೈಟ್’ ಅಂತ ಟ್ವಿಟರ್‌ನಲ್ಲಿ ಬರೆದದ್ದು ದೊಡ್ಡ ಕೂಗಾಯಿತು. ಅದರ ಬಿಸಿಗೆ ಆಸ್ಕರ್ ಕೊಡುವ ಅಕಾಡೆಮಿ ತನ್ನ ಸದಸ್ಯತ್ವ ಬದಲಾಯಿಸಿತು, ಮುಂದೆ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಕೆಲವು ಮಾನದಂಡ ಹಾಕಿತು. 2024ರ ಸಮಾರಂಭದಿಂದ ಅದು ಜಾರಿಯಲ್ಲಿದೆ. ಈಗ ಸಣ್ಣ ಅಕ್ಷರ ಓದೋಣ. ಮಾನದಂಡ ನಾಲ್ಕು. ತೆರೆಯ ಮೇಲೆ ಯಾರಿದ್ದಾರೆ, ತೆರೆಯ ಹಿಂದೆ ಯಾರಿದ್ದಾರೆ, ಹೊಸಬರಿಗೆ ಸಂಬಳದ ತರಬೇತಿ ಕೊಡುತ್ತೀರಾ, ಪ್ರಚಾರ ವಿತರಣೆಯ ತಂಡದಲ್ಲಿ ಯಾರಿದ್ದಾರೆ. ನಾಲ್ಕರಲ್ಲಿ ಎರಡು ಪೂರೈಸಿದರೆ ಸಾಕು. ಲೆಕ್ಕಕ್ಕೆ ಹೆಂಗಸರು, ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರೂ ಸೇರುತ್ತಾರೆ. ತೆರೆಯ ತುಂಬ ಬಿಳಿಯರೇ ಇರುವ ಚಿತ್ರವೂ ಆರಾಮಾಗಿ ಪಾಸಾಗಬಹುದು. ಅದೂ ಒಂದೇ ಪ್ರಶಸ್ತಿಗೆ. ಸಿನಿಮಾ ತೆಗೆಯಲು, ಬಿಡುಗಡೆ ಮಾಡಲು ಯಾವ ರೂಲೂ ಇಲ್ಲ. ನಿಮ್ಮ ಮನೆಯವರಿಗೆ ಇದನ್ನು ಓದಿಸಿ.

ಆದರೂ ಅವರ ಕಿರಿಕಿರಿಗೆ ಕಾರಣವಿದೆ. ತುರುಕಿದ ಪಾತ್ರಗಳು ನಿಜವಾಗಿಯೂ ಬರುತ್ತಿವೆ. ಹೀರೋನ ಗೆಳೆಯ, ಕಂಪ್ಯೂಟರ್ ಕುಟ್ಟುವ ಹುಡುಗ, ಎರಡು ಸಾಲು ಮಾತಾಡಿ ಹೋಗುವ ಡಾಕ್ಟರ್. ಕಾಸ್ಟಿಂಗ್ ಆಫೀಸಿನಲ್ಲಿ ಪಾತ್ರಗಳ ವಿವರ ಇರುವ ಕಾಗದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ. ನಾನು ಓದುತ್ತಿದ್ದ ಬ್ರೇಕ್‌ಡೌನ್‌ಗಳಲ್ಲಿ ‘ವಕೀಲ, 40, ಚುರುಕು’ ಅಂತ ಇದ್ದರೆ ಅವನು ಬಿಳಿಯನೇ ಅಂತ ಎಲ್ಲರಿಗೂ ತಾನಾಗಿ ಗೊತ್ತಿರುತ್ತಿತ್ತು. ಬೇರೆ ಯಾರಾದರೂ ಬೇಕಿದ್ದರೆ ಮಾತ್ರ ಬರೆಯುತ್ತಿದ್ದರು. ಈಗ ‘ಎಲ್ಲ ಜನಾಂಗದವರನ್ನೂ ಕಳಿಸಿ’ ಅಂತ ಕೆಳಗೆ ಒಂದು ಸಾಲು ಸೇರಿದೆ. ಒಳ್ಳೆಯದೇ. ಆದರೆ ಕಥೆ ಬರೆದು ಮುಗಿದ ಮೇಲೆ ಸೇರಿಸಿದ ಮುಖಕ್ಕೆ ಮನೆ, ಅಪ್ಪ ಅಮ್ಮ, ಸಿಟ್ಟು, ಆಸೆ ಯಾವುದೂ ಇರುವುದಿಲ್ಲ. ನೋಡುವವರಿಗೆ ಅದು ಗೊತ್ತಾಗುತ್ತದೆ. ನಿಮ್ಮ ಮನೆಯವರಿಗೆ ಗೊತ್ತಾಗಿದ್ದೂ ಅದೇ. ದೋಷ ಆ ನಟನದ್ದು ಅಂದುಕೊಂಡರೆ ಮಾತ್ರ ತಪ್ಪು.

ಕಥೆ ಬರೆಯುವಾಗಲೇ ಯಾಕೆ ಸೇರಿಸುವುದಿಲ್ಲ? ದುಡ್ಡು ಹಾಕುವವರ ಅಂಜಿಕೆ. 2014ರಲ್ಲಿ ಮೋಸೆಸ್‌ನ ಕಥೆ ಹೇಳುವ ‘ಎಕ್ಸೋಡಸ್’ ಚಿತ್ರದಲ್ಲಿ ಈಜಿಪ್ಟಿನವರಾಗಿ ಬಿಳಿಯ ನಟರನ್ನು ಹಾಕಿದ್ದಕ್ಕೆ ಟೀಕೆ ಬಂತು. ನಿರ್ದೇಶಕ ರಿಡ್ಲಿ ಸ್ಕಾಟ್ ಮುಚ್ಚುಮರೆ ಮಾಡಲಿಲ್ಲ. ಎಲ್ಲಿಂದಲೋ ಬಂದ ಮೊಹಮ್ಮದ್ ಯಾರೋ ನನ್ನ ನಾಯಕ ಅಂದರೆ ಇಷ್ಟು ದೊಡ್ಡ ಬಜೆಟ್ಟಿಗೆ ದುಡ್ಡು ಹುಟ್ಟುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿಬಿಟ್ಟರು. ಒರಟು ಮಾತು, ಆದರೆ ಅವರು ಒಳಗಿನ ಲೆಕ್ಕವನ್ನು ಹೊರಗೆ ಹೇಳಿದರು ಅಷ್ಟೇ. ಇದಕ್ಕೂ ಬಹಳ ಮೊದಲು ಮೀರಾ ನಾಯರ್ ಉಗಾಂಡಾದಿಂದ ಬಂದ ಭಾರತೀಯ ಕುಟುಂಬದ ಹುಡುಗಿ ಮತ್ತು ಕಪ್ಪು ಹುಡುಗನ ಪ್ರೀತಿಯ ಕಥೆಗೆ ದುಡ್ಡು ಹುಡುಕುತ್ತಿದ್ದಾಗ, ಒಬ್ಬ ಬಿಳಿಯ ನಾಯಕನಿಗೂ ಜಾಗ ಮಾಡಿ ಅಂತ ಕೇಳಿದವರಿದ್ದರು. ಚಿಂತೆ ಬೇಡ, ನನ್ನ ಚಿತ್ರದಲ್ಲಿ ವೇಟರ್‌ಗಳೆಲ್ಲ ಬಿಳಿಯರೇ ಅಂದರಂತೆ ಆಕೆ. ಆ ಚಿತ್ರ 1991ರ ‘ಮಿಸಿಸಿಪಿ ಮಸಾಲಾ’. ‘ಕ್ರೇಜಿ ರಿಚ್ ಏಷ್ಯನ್ಸ್’ ಕಾದಂಬರಿಯ ಲೇಖಕ ಕೆವಿನ್ ಕ್ವಾನ್‌ಗೂ ಇದೇ ಅನುಭವ. ನಾಯಕಿಯನ್ನು ಬಿಳಿಯಳಾಗಿಸೋಣ ಅಂದ ನಿರ್ಮಾಪಕರೊಬ್ಬರಿದ್ದರು.

ಈ ಅಂಜಿಕೆಗೆ ಆಧಾರವಿದೆಯೇ? ಇಲ್ಲ ಅಂತ ಲೆಕ್ಕವೇ ಹೇಳುತ್ತದೆ. ಆ ಕಾದಂಬರಿ 2018ರಲ್ಲಿ ಚಿತ್ರವಾಗಿ, 3 ಕೋಟಿ ಡಾಲರ್ ಖರ್ಚಿಗೆ ಜಗತ್ತಿನಾದ್ಯಂತ 23 ಕೋಟಿಗೂ ಹೆಚ್ಚು ಗಳಿಸಿತು. ಬಹುಪಾಲು ಕಪ್ಪು ನಟರೇ ಇರುವ, ಅದೇ ವರ್ಷದ ‘ಬ್ಲ್ಯಾಕ್ ಪ್ಯಾಂಥರ್’ 130 ಕೋಟಿ ಡಾಲರ್ ದಾಟಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ 2014ರಿಂದ ಪ್ರಕಟಿಸುತ್ತಿರುವ ವರದಿಗಳಲ್ಲಿ, ಬೇರೆ ಬೇರೆ ಜನಾಂಗದವರು ಬೆರೆತ ತಾರಾಗಣದ ಚಿತ್ರಗಳೇ ಗಳಿಕೆಯಲ್ಲಿ ಮುಂದಿರುವುದು ಮತ್ತೆ ಮತ್ತೆ ಕಂಡಿದೆ. ಆದರೂ ಒಂದು ಏಷ್ಯನ್ ಚಿತ್ರ ಸೋತರೆ ‘ಏಷ್ಯನ್ ಚಿತ್ರ ಓಡಲ್ಲ’ ಅಂತಾರೆ. ಬಿಳಿಯರ ಚಿತ್ರ ಸೋತರೆ ‘ಸ್ಕ್ರಿಪ್ಟ್ ಸರಿಯಿರಲಿಲ್ಲ’ ಅಂತಾರೆ. ಜಗಳವೆಲ್ಲ ಇಲ್ಲಿದೆ.

ಇನ್ನೊಂದು ನಂಬಿಕೆಯನ್ನೂ ಮುಟ್ಟಿ ಹೋಗುತ್ತೇನೆ, ಪತ್ರದಲ್ಲಿ ಇಲ್ಲದಿದ್ದರೂ ನನ್ನನ್ನು ಬಹಳ ಜನ ಕೇಳುತ್ತಾರೆ. ನಮ್ಮವರೇ ನಟಿಸಿದರೆ ಸರಿ ಹೋಗುತ್ತದಲ್ವಾ ಅಂತ. ನಿಮ್ಮ ಮಗಳು ನೋಡಿದ ಚಿತ್ರದಲ್ಲಿ ಹೃದಯ ಕೀಳುವ ಮೋಲಾ ರಾಮ್ ಆಗಿದ್ದವರು ನಮ್ಮ ಅಮರೀಶ್ ಪುರಿ, ಅರಮನೆಯ ದಿವಾನರಾಗಿದ್ದವರು ರೋಷನ್ ಸೇಠ್. ಇಬ್ಬರೂ ದೊಡ್ಡ ನಟರು. ಏನೂ ಬದಲಾಗಲಿಲ್ಲ. ನಮ್ಮ ಸಿನಿಮಾಗಳಲ್ಲೇ ಇಂಥದ್ದನ್ನು ಮಾಡುತ್ತೇವೆ, ಹೊರಗಿನವರು ಮಾಡಿದರೆ ಮಾತ್ರ ಗೊಣಗುತ್ತೇವೆ ಅನ್ನುವುದು ಪುರಿಯವರ ನಿಲುವಾಗಿತ್ತು. ಆ ಮಾತಿನಲ್ಲಿ ಹುರುಳಿದೆ. ಕನ್ನಡ ಚಿತ್ರಗಳಲ್ಲಿ ಕಾಡಿನ ಜನರನ್ನು ‘ಹುಂ ಹುಂ’ ಅಂತ ಕುಣಿಸಿದ್ದು, ಕಪ್ಪಗಿರುವವರನ್ನು ನಗೆಗೆ ಇಟ್ಟದ್ದು ನಮಗೇನು ಗೊತ್ತಿಲ್ಲವೇ? ಆದರೆ ತುಮಕೂರಿನ ಥಿಯೇಟರಿನಲ್ಲಿ ಕೂತ ಹುಡುಗಿಗೆ ಹೊರಗೆ ಬಂದರೆ ತನ್ನಂಥವರು ಸಾವಿರ ಜನ ಕಾಣುತ್ತಾರೆ. ನ್ಯೂಜೆರ್ಸಿಯ ಕ್ಲಾಸಿನಲ್ಲಿ ಒಬ್ಬಳೇ ಇರುವ ಹುಡುಗಿಗೆ ಆ ಚಿತ್ರವೇ ಅವಳ ಪರಿಚಯ ಪತ್ರವಾಗಿಬಿಡುತ್ತದೆ. ಪುರಿಯವರ ಮಾತಿನಲ್ಲಿ ಈ ಲೆಕ್ಕ ಸೇರಿಲ್ಲ.

ಈಗ ಏನು ಮಾಡಬಹುದು ಅಂತ ನೋಡೋಣ.

ಹಳೆಯ ಸಿನಿಮಾ ಬಂದ್ ಮಾಡುವುದು ಒಂದು ದಾರಿ. ಎಂಟು ವರ್ಷದ ಮಗುವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹದಿಮೂರಕ್ಕೆ ಅದು ನಡೆಯುವುದಿಲ್ಲ. ಬೇರೆಯವರ ಮನೆಯಲ್ಲಿ ನೋಡುತ್ತಾಳೆ, ಆಗ ಪಕ್ಕದಲ್ಲಿ ನೀವಿರುವುದಿಲ್ಲ. ಮೊನ್ನೆ ಆದದ್ದೂ ಅದೇ ಅಲ್ವಾ? ಎರಡನೇ ದಾರಿ, ಅದೇ ಸಿನಿಮಾವನ್ನು ಮನೆಯಲ್ಲಿ ಒಟ್ಟಿಗೆ ನೋಡುವುದು. ಊಟದ ದೃಶ್ಯದಲ್ಲಿ ನಿಲ್ಲಿಸಿ, ಕ್ಯಾಮೆರಾ ಯಾರ ಪಕ್ಕ ಕೂತಿದೆ ಅಂತ ಅವಳನ್ನೇ ಕೇಳಿ. ನನ್ನ ವಿದ್ಯಾರ್ಥಿಗಳಲ್ಲಿ ನೋಡಿದ್ದೇನೆ, ಹೇಗೆ ಮಾಡಿದ್ದಾರೆ ಅಂತ ಕಂಡುಹಿಡಿದ ಮೇಲೆ ಅವಮಾನ ಅರ್ಧ ಇಳಿಯುತ್ತದೆ. ಅಪಾಯವೂ ಇದೆ. ಪ್ರತಿ ಐದು ನಿಮಿಷಕ್ಕೆ ನಿಲ್ಲಿಸಿ ಪಾಠ ಮಾಡಿದರೆ ಅವಳು ನಿಮ್ಮ ಜೊತೆ ಸಿನಿಮಾ ನೋಡುವುದನ್ನೇ ಬಿಡುತ್ತಾಳೆ. ಒಂದು ಸಲ ನಿಲ್ಲಿಸಿ, ಸಾಕು. ಅವಳಿಗೆ ಆ ಚಿತ್ರ ಇಷ್ಟವಾಗಿದ್ದರೂ ಬಯ್ಯಬೇಡಿ. ಸಾಹಸ ಚೆನ್ನಾಗಿದೆ, ನನಗೂ ಆ ಗಣಿ ರೈಲಿನ ಓಟ ಇಷ್ಟವೇ. ಆ ಚಿತ್ರದ ಪುಟ್ಟ ಚೀನೀ ಹುಡುಗನನ್ನೂ ತೋರಿಸಿ. ಅವನು ಕೀ ಹುಯ್ ಕ್ವಾನ್. ದೊಡ್ಡವನಾದ ಮೇಲೆ ಪಾತ್ರಗಳೇ ಸಿಗದೆ ನಟನೆ ಬಿಟ್ಟು ತೆರೆಯ ಹಿಂದಿನ ಕೆಲಸಕ್ಕೆ ಹೋದ. ‘ಕ್ರೇಜಿ ರಿಚ್ ಏಷ್ಯನ್ಸ್’ ನೋಡಿ ಮತ್ತೆ ಆಸೆ ಹುಟ್ಟಿ ವಾಪಸ್ ಬಂದ. 2023ರಲ್ಲಿ ಆಸ್ಕರ್ ಗೆದ್ದ. ನಟಿಯಾಗಬೇಕು ಅನ್ನುವ ಹುಡುಗಿಗೆ ಈ ಕಥೆ ತಾನಾಗಿ ಇಷ್ಟವಾಗುತ್ತದೆ.

ಸ್ಕೂಲಿನ ಹುಡುಗರ ವಿಷಯದಲ್ಲಿ ಅವಸರ ಮಾಡಬೇಡಿ. ಒಂದು ಸಲ ನಕ್ಕು ಬಿಟ್ಟಿದ್ದರೆ ಬಿಡಿ. ಮತ್ತೆ ಮತ್ತೆ ಮಾಡುತ್ತಿದ್ದರೆ ಕೌನ್ಸೆಲರ್‌ಗೆ ಬರೆಯಿರಿ, ಏನು ಅಂದರು, ಯಾವತ್ತು ಅಂದರು ಅಂತ ಮಾತ್ರ ಹಾಕಿ. ಸಿನಿಮಾ ಇತಿಹಾಸ ಬೇಡ. ಬರೆಯುವ ಮುಂಚೆ ಮಗಳನ್ನು ಕೇಳಿ. ಅವಳಿಗೆ ಗೊತ್ತಿಲ್ಲದ ಹಾಗೆ ದೂರು ಹೋದರೆ ಮುಂದಿನ ಸಲ ನಿಮಗೆ ಏನೂ ಹೇಳುವುದಿಲ್ಲ. ಹುಟ್ಟುಹಬ್ಬದ ಮನೆಯವರಿಗೆ ಫೋನ್ ಮಾಡುವುದಾದರೆ ತಪ್ಪು ಹೊರಿಸುವ ದನಿ ಬೇಡ. ಅವರು ತಮ್ಮ ಬಾಲ್ಯದ ಇಷ್ಟದ ಸಿನಿಮಾ ಹಾಕಿದ್ದಾರೆ ಅಷ್ಟೇ. ‘ಮಗಳು ಬೇಜಾರಾಗಿದ್ದಳು’ ಅಂದರೆ ಸಾಕು, ಬಹಳ ಜನಕ್ಕೆ ಅರ್ಥವಾಗುತ್ತದೆ.

ಆಡಿಷನ್‌ಗೆ ಬರೋಣ. ಕಳಿಸುವುದು ಬಿಡಬೇಡಿ. ಮುಂದಿನ ಸಲ ಹೋಗುವ ಮುಂಚೆ ಅವಳು ಓದಬೇಕಾದ ಪುಟಗಳನ್ನು, ಅಂದರೆ ಸೈಡ್ಸ್ ಅನ್ನು, ಕೇಳಿ ತರಿಸಿಕೊಳ್ಳಿ. ಮಕ್ಕಳ ಪೋಷಕರು ಕೇಳುವುದು ಮಾಮೂಲು. ಪಾತ್ರ ಭಾರತದಿಂದ ಈಗಷ್ಟೇ ಬಂದ ಹುಡುಗಿಯದ್ದಾದರೆ ಆಕ್ಸೆಂಟ್ ಇರುವುದು ಸಹಜ, ಅದು ನಟನೆಯ ಕೆಲಸ. ಯಾವ ಊರು, ಯಾವ ಮನೆಮಾತು ಅಂತ ಕೇಳಿ. ಉತ್ತರ ಸಿಕ್ಕರೆ ಅಲ್ಲಿ ಯಾರೋ ಯೋಚನೆ ಮಾಡಿದ್ದಾರೆ. ‘ಸುಮ್ನೆ ಇಂಡಿಯನ್ ಥರ’ ಅಂದರೆ ಆ ಆಕ್ಸೆಂಟ್ ಇರುವುದು ನಗಿಸಲಿಕ್ಕೆ. ಆಗ ಅವಳು ‘ಒಂದು ಸಲ ನನ್ನ ದನಿಯಲ್ಲೇ ಮಾಡಲಾ?’ ಅಂತ ಕೇಳಬಹುದು. ರೀಡರ್ ಕುರ್ಚಿಯಿಂದ ಹೇಳುತ್ತೇನೆ, ಬಹಳ ಸಲ ‘ಸರಿ ಮಾಡು’ ಅಂತಾರೆ. ಕೆಲವು ಸಲ ಆ ಟೇಕ್ ನೋಡಿ ಆಕ್ಸೆಂಟ್ ವಿಷಯ ಮರೆತುಬಿಡುವುದೂ ಉಂಟು. ಒಪ್ಪದಿದ್ದರೆ ಪಾತ್ರ ಹೋಗುತ್ತದೆ. ಅದು ನಿಜವಾದ ನಷ್ಟ, ಮುಚ್ಚಿಡುವುದಿಲ್ಲ. ಸಣ್ಣ ಊರಿನ ಕಾಸ್ಟಿಂಗ್ ವಲಯದಲ್ಲಿ ‘ಇವಳು ತಕರಾರು’ ಅನ್ನುವ ಹೆಸರೂ ಬರಬಹುದು. ಒಪ್ಪಿಕೊಂಡರೆ ಇನ್ನೊಂದು ನಷ್ಟ, ಮುಂದೆ ಅಂಥದ್ದಕ್ಕೇ ಕರೆ ಬರುತ್ತದೆ. ‘ಗಾನ್ ವಿತ್ ದ ವಿಂಡ್’ನ ಮನೆಗೆಲಸದವಳ ಪಾತ್ರಕ್ಕೆ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್ ಅವರ ಹೆಸರಿನಲ್ಲಿ ಒಂದು ಮಾತು ಓಡಾಡುತ್ತದೆ, ಕೆಲಸದವಳಾಗಿ ದುಡಿಯುವುದಕ್ಕಿಂತ ಕೆಲಸದವಳ ಪಾತ್ರ ಮಾಡುವುದೇ ಮೇಲು ಅಂತ. ಆಕೆಗೆ ಬೇರೆ ಆಯ್ಕೆ ಇರಲಿಲ್ಲ. 1940ರ ಆ ಸಮಾರಂಭದಲ್ಲೂ ಆಕೆಯನ್ನು ಗೋಡೆಯ ಪಕ್ಕದ ಬೇರೆ ಮೇಜಿನಲ್ಲಿ ಕೂರಿಸಿದ್ದರು. ನಿಮ್ಮ ಮಗಳಿಗೆ ಹದಿಮೂರು, ಮನೆ ಅವಳ ಸಂಪಾದನೆಯಿಂದ ನಡೆಯುತ್ತಿಲ್ಲ. ಬೇಡ ಅನ್ನುವ ಅನುಕೂಲ ಅವಳಿಗಿದೆ. ಯಾವುದಕ್ಕೆ ಬೇಡ ಅನ್ನುವುದು ಅಂತ ಅವಳೇ ನಿರ್ಧರಿಸಲಿ.

ಈ ವಾರದ ಕೊನೆಗೆ ಏನು ನೋಡುವುದು ಅಂತ ಕೇಳಿದರೆ ‘ಹಿಡನ್ ಫಿಗರ್ಸ್’ ಹಾಕಿ. 2016ರದ್ದು, ಪಿಜಿ, ನಾಸಾದಲ್ಲಿ ಲೆಕ್ಕ ಮಾಡುತ್ತಿದ್ದ ಕಪ್ಪು ಹೆಣ್ಣುಮಕ್ಕಳ ಕಥೆ, ಒಳ್ಳೆಯ ಚಿತ್ರ. ಅದರಲ್ಲಿ ಬಿಳಿಯ ಮೇಲಧಿಕಾರಿ, ಕಪ್ಪು ಹೆಂಗಸರಿಗೆ ಬೇರೆ ಇಟ್ಟಿದ್ದ ಶೌಚಾಲಯದ ಬೋರ್ಡ್ ಒಡೆದು ಹಾಕುವ ದೃಶ್ಯವಿದೆ. ಅದು ನಡೆದದ್ದಲ್ಲ. ಚಿತ್ರದ ನಾಯಕಿಯಾದ ನಿಜವಾದ ಕ್ಯಾಥರೀನ್ ಜಾನ್ಸನ್ ಯಾರನ್ನೂ ಕೇಳದೆ ಬಿಳಿಯರ ಶೌಚಾಲಯವನ್ನೇ ಬಳಸುತ್ತಿದ್ದರು. ಮಗಳಿಗೆ ಮೊದಲೇ ಹೇಳಬೇಡಿ, ಚಿತ್ರ ಮುಗಿದ ಮೇಲೆ ಹೇಳಿ, ಆ ದೃಶ್ಯ ಯಾಕೆ ಸೇರಿಸಿರಬಹುದು ಅಂತ ಕೇಳಿ. ‘ಕ್ರೇಜಿ ರಿಚ್ ಏಷ್ಯನ್ಸ್’ ಪಿಜಿ-13, ಅವಳ ವಯಸ್ಸಿಗೆ ಸರಿ. ‘ಮಿಸಿಸಿಪಿ ಮಸಾಲಾ’ಗೆ ಆರ್ ರೇಟಿಂಗ್ ಇದೆ, ಅವಳಿಗೆ ಈಗಲೇ ಬೇಡ. ಅವಳು ಮಲಗಿದ ಮೇಲೆ ನೀವೂ ನಿಮ್ಮ ಮನೆಯವರೂ ನೋಡಿ. ನಮ್ಮವರು ಕಪ್ಪು ಜನರ ಬಗ್ಗೆ ಮನೆಯೊಳಗೆ ಆಡುವ ಮಾತುಗಳೂ ಅದರಲ್ಲಿವೆ.